ಅಕ್ಕ ಬಿಟ್ಟುಹೋದ ಕ್ಯಾಟ್ಲಿಯಾ

ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಪ್ಪ ಅವ್ವ ಇಟ್ಟ ಹೆಸರನ್ನು ಅವಳೇ ಬಿಟ್ಟಳು. ದೀಕ್ಷೆಯ ದಿನ ಗುರುಗಳು ಕೊಟ್ಟ ಹೊಸ ಹೆಸರನ್ನು ಹೇಳಲು ಹೋದರೆ ನನ್ನ ನಾಲಿಗೆ ತೊಡರುತ್ತದೆ. ಈಗ ಅವಳು ಬಿಳಿ ಸೀರೆ ಉಟ್ಟು, ಕೈಯಲ್ಲಿ ನವಿಲುಗರಿಯ ಪಿಂಛಿ ಹಿಡಿದು, ಬರಿಗಾಲಲ್ಲಿ ಊರಿಂದ ಊರಿಗೆ ನಡೆಯುವ ಜೈನ ಮಾತಾಜಿ. ಅವಳಿಗೆ ತಂಗಿ ಎಂಬುವಳು ಇಲ್ಲ. ಸತ್ತವಳಾದರೆ ‘ಇದ್ದಳು’ ಎಂದು ಬರೆಯಬಹುದು. ಇದ್ದೂ ನಮ್ಮವಳಲ್ಲದವಳನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ನಾನು ಓದಿದ್ದು ಏಳನೆಯ ತರಗತಿ. ತಪ್ಪಿದ್ದರೆ ಕ್ಷಮಿಸಿ ಎಂದು ಬರೆಯಹೊರಟೆ, ಮತ್ತೆ ಹೊಡೆದುಹಾಕಿದೆ. ಆ ಮಾತನ್ನು ಸುಲಭವಾಗಿ ಆಡುವ ಚಟವೇ ನನ್ನ ರೋಗ.

ಗಡಹಿಂಗ್ಲಜದ ಪೇಟೆಯ ಒಂದು ಸಂದಿಯಲ್ಲಿ ಅಕ್ಕನ ಅಂಗಡಿ ಇತ್ತು. ಸೀರೆಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು. ಅಂಗಡಿಯ ಮೇಲೆ ಎರಡು ಕೋಣೆಯ ಮನೆ, ಅದರ ಮೇಲೆ ತಾರಸಿ. ಮದುವೆ ಮಾಡಿಕೊಳ್ಳಲಿಲ್ಲ. ನೋಡಲು ಬಂದ ಗಂಡಿಗೆ ಇವಳೇ ಪ್ರಶ್ನೆ ಕೇಳುತ್ತಾಳೆ ಎಂದು ಅವ್ವ ಹಣೆ ಬಡಿದುಕೊಳ್ಳುತ್ತಿದ್ದಳು. ಗಿರಾಕಿ ಸೀರೆ ಬಿಚ್ಚಿದರೆ ಅಕ್ಕ ಬಣ್ಣ ನೋಡುತ್ತಿರಲಿಲ್ಲ. ಸೆರಗಿನ ತುದಿಯನ್ನು ಎರಡು ಬೆರಳಿನ ನಡುವೆ ತಿಕ್ಕಿ, “ಇದು ನೀರಿಗೆ ಬಿದ್ದರ ಕುಗ್ಗತೈತ್ರಿ. ಮೊದಲ ನೆನಸಿ ಒಣಗಿಸಿ ತರ್ರಿ, ಆಮ್ಯಾಲ ಫಾಲ್ ಹಚ್ಚತೇನಿ” ಅನ್ನುವಳು.

“ನಾಳೆ ಲಗ್ನಕ್ಕ ಉಡಬೇಕ್ರಿ ಅಕ್ಕಾರ!”

“ಹಂಗಾದ್ರ ಬ್ಯಾರೆ ಸೀರಿ ಉಡ್ರಿ.”

ಗಿರಾಕಿ ಸಿಟ್ಟಿನಿಂದ ಹೋಗುತ್ತಿದ್ದರು, ಮರುವಾರ ನೆನೆಸಿದ ಸೀರೆ ತರುತ್ತಿದ್ದರು. ನನಗೆ ಯಾರೂ ಹಾಗೆ ತಿರುಗಿ ಬರುತ್ತಿರಲಿಲ್ಲ.

ಹೊಟ್ಟೆಕಿಚ್ಚು ಚಿಕ್ಕಂದಿನದು. ನಮ್ಮೂರು ಮಹಾಗಾಂವದ ಹತ್ತಿರ. ಊರಿನ ಕನ್ನಡ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಮುಂದೆ ಕಲಿಯಬೇಕೆಂದರೆ ಮರಾಠಿ ಹೈಸ್ಕೂಲು. ಅಕ್ಕ ಒಂದು ಬೇಸಿಗೆಯ ರಜೆಯಲ್ಲಿ ಪಕ್ಕದ ಮನೆಯ ಆಯಿಯ ಜೊತೆ ಶೇಂಗಾ ಸುಲಿಯುತ್ತಲೇ ಮರಾಠಿ ಕಲಿತು ದಾಟಿಬಿಟ್ಟಳು, ಕೊಲ್ಹಾಪುರದ ಕಾಲೇಜಿನವರೆಗೂ ಹೋದಳು. ನನ್ನ ಸರದಿ ಬಂದಾಗ ನಾನು ಮೂರು ತಿಂಗಳು ಹಿಂದಿನ ಬೆಂಚಿನಲ್ಲಿ ಕೂತು ಮನೆಗೆ ಬಂದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆದರೂ ಎಷ್ಟೋ ವರ್ಷ ‘ಅಕ್ಕನ್ನ ಓದಿಸಿದ್ರು, ನನ್ನ ಬಿಡಿಸಿದ್ರು’ ಎಂದೇ ಹೇಳಿಕೊಂಡು ಬಂದೆ. ಅಕ್ಕ ಎದುರಿಗೇ ಕೂತಿದ್ದರೂ ಒಮ್ಮೆಯೂ ತಿದ್ದಲಿಲ್ಲ.

ಮದುವೆಯಾಗಿ ನಾನು ಇಚಲಕರಂಜಿಗೆ ಬಂದೆ. ಕೆಳಗೆ ನಮ್ಮ ಮಗ್ಗಗಳು, ಮೇಲೆ ಮನೆ. ಎರಡು ಪಾಳಿಯಲ್ಲಿ ಹಗಲೂ ರಾತ್ರಿ ಮಗ್ಗ ನಡೆಯುತ್ತವೆ. ಖಡಖಡ ಸದ್ದು ನಿಂತರೆ ನಮಗೆ ಎಚ್ಚರವಾಗುತ್ತದೆ.

ಆ ಹೂವನ್ನು ಮೊದಲು ನೋಡಿದವಳು ನಾನು. ಕೊಲ್ಹಾಪುರದಲ್ಲಿ ಚಳಿಗಾಲಕ್ಕೊಮ್ಮೆ ಪುಷ್ಪ ಪ್ರದರ್ಶನ ಆಗುತ್ತದೆ. ಇಬ್ಬರೂ ಹೋಗಿದ್ದೆವು. ಗುಲಾಬಿ, ಶೇವಂತಿಗೆ ನೋಡಿ ಸಾಕಾಗಿ ನಾನು ಮೂಲೆಗೆ ಹೋದೆ. ಅಲ್ಲಿ ಒಂದು ಕುಂಡದಲ್ಲಿ ಅಂಗೈಯಗಲದ ತಿಳಿ ನೇರಳೆ ಹೂವು, ಚೀಟಿಯಲ್ಲಿ ‘ಕ್ಯಾಟ್ಲಿಯಾ, ಆರ್ಕಿಡ್’ ಎಂದಿತ್ತು. ನಡುವಿನ ದಳ ಕಡುಬಣ್ಣದ್ದು, ಗಂಟಲಲ್ಲಿ ಅರಿಸಿನ ಮೆತ್ತಿದ ಹಾಗೆ ಹಳದಿ, ಅಂಚೆಲ್ಲ ಸುಕ್ಕುಸುಕ್ಕು. ನಾನೇ ಅಕ್ಕನ ಕೈ ಹಿಡಿದು ಎಳೆದುತಂದೆ. ಅವಳು ಕನ್ನಡಕ ಏರಿಸಿ ಬಗ್ಗಿ ನೋಡಿದಳು.

“ಅಂಚಿಗೆ ಯಾರೋ ಪಿಕೋ ಮಾಡ್ಯಾರ ನೋಡs.”

ಅಲ್ಲಿ ಮಾರಾಟಕ್ಕೆ ಉಳಿದಿದ್ದು ಒಂದೇ ಸಸಿ. ನಾನು ‘ಕೇಳಿ ಬರ್ತೇನಿ’ ಎಂದು ಗಂಡನಿಗೆ ಫೋನ್ ಹಚ್ಚಿದೆ. ಮಾತು ಮುಗಿಸಿ ತಿರುಗುವಷ್ಟರಲ್ಲಿ ಸಸಿ ಅಕ್ಕನ ಚೀಲದಲ್ಲಿತ್ತು. ಅವಳಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಅದು ಕೂಡಲೇ ಹೂ ಬಿಟ್ಟಿದ್ದರೆ ಅಕ್ಕ ಅಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೇನೋ. ವರ್ಷಗಟ್ಟಲೆ ಬಿಡಲಿಲ್ಲ. ಕಿಟಕಿಯ ಹತ್ತಿರ ಇಟ್ಟಳು, ಎಲೆ ಕಡುಹಸಿರಾಗಿ ಚೆಂದ ಬೆಳೆಯಿತು, ಹೂವಿಲ್ಲ. ದಿನಾ ನೀರು ಹಾಕಿದಳು, ಬೇರು ಕೊಳೆಯಿತು. ಆಮೇಲೆ ಒಂದೊಂದೇ ಕಲಿತಳು. ಇದ್ದಿಲು, ಇಟ್ಟಂಗಿ ಚೂರು, ತೆಂಗಿನ ಸಿಪ್ಪೆಯ ತುಂಡು ತುಂಬಿ ಮಣ್ಣಿನ ಕುಂಡಕ್ಕೆ ತೂತು ಹೊಡೆಸಿದಳು. ತಾರಸಿಯಲ್ಲಿ ಹಸಿರು ಜಾಳಿಗೆಯ ಕೆಳಗೆ, ಬೆಳಗಿನ ಬಿಸಿಲು ಬೀಳುವಲ್ಲಿ ಇಟ್ಟಳು. ನೀರು ಹಾಕುವ ಮುಂಚೆ ಕೂಸನ್ನು ಎತ್ತಿದಂತೆ ಕುಂಡವನ್ನು ಎರಡೂ ಕೈಯಿಂದ ಎತ್ತಿ ತೂಕ ನೋಡುವಳು. “ಇನ್ನೂ ಜಡ ಐತಿ, ಇವತ್ತ ಬ್ಯಾಡ.” ಹಾಕಿದರೂ ನಾವು ಕುಡಿಯುವ ನೀರಿನಂತೆ ಬಟ್ಟೆಯಲ್ಲಿ ಗಾಳಿಸಿಯೇ ಹಾಕುವಳು. ಎಲೆಯ ಬುಡಕ್ಕೆ ಬಿಳಿ ಹೇನಿನಂಥ ಹುಳ ಹತ್ತಿದಾಗ ಎಲ್ಲರೂ ಔಷಧಿ ಹೊಡೆಯಲು ಹೇಳಿದರು. ಅವಳು ಉಳಿದ ಫಾಲ್ ಬಟ್ಟೆಯ ತುಂಡಿನಿಂದ ಒಂದೊಂದೇ ಒರೆಸಿ ಕಾಗದದ ಮೇಲೆ ತೆಗೆದುಕೊಂಡು, ಹಿಂದಿನ ಖುಲ್ಲಾ ಜಾಗದ ಎಕ್ಕದ ಗಿಡಕ್ಕೆ ಬಿಟ್ಟು ಬರುವಳು. ನನ್ನ ಗಂಡ ನಕ್ಕು, “ಅಕ್ಕಾರು ಹುಳಕ್ಕ ಬಾಡಗಿ ಮನಿ ಹುಡುಕಿ ಕೊಡ್ತಾರ” ಅಂದಿದ್ದರು.

ಒಂದು ವರ್ಷ ಸಂದಿಯಲ್ಲಿ ಬೀದಿದೀಪ ಹಾಕಿದರು. ತಾರಸಿಯೆಲ್ಲ ರಾತ್ರಿ ಬೆಳ್ಳಗೆ. ಈ ಗಿಡಕ್ಕೆ ಉದ್ದನೆಯ ಕತ್ತಲು ಬೇಕು, ಇಲ್ಲವಾದರೆ ಮೊಗ್ಗು ಕಟ್ಟುವುದಿಲ್ಲ ಎಂದು ಅಕ್ಕ ಎಲ್ಲಿಯೋ ತಿಳಿದುಕೊಂಡಿದ್ದಳು. ಹೊತ್ತು ಮುಳುಗುವ ಮುಂಚೆ, ನಮ್ಮ ಜೈನರ ಪದ್ಧತಿಯಂತೆ ತನ್ನ ಊಟ ಮುಗಿಸಿದ ಕೂಡಲೇ, ತಾರಸಿ ಹತ್ತಿ ಗಿಡದ ಸುತ್ತ ಕೋಲು ನೆಟ್ಟು ಕಪ್ಪು ಅಸ್ತರಿನ ಬಟ್ಟೆ ಹೊದಿಸುವಳು. ಎದುರು ಮನೆಯ ಕಾಕಿ ಗಲ್ಲಿಗೆಲ್ಲ ಕೇಳುವಂತೆ ಕೂಗಿದರು:

“ಏನ್ರೀ ಅಕ್ಕಾರ, ಗಿಡಕ್ಕೂ ರಾತ್ರಿ ಊಟ ಬಿಡಿಸಿದ್ರಿ?”

“ಹೌದ್ರಿ ಕಾಕಿ. ಅದೂ ನಮ್ಮ ಮನಿತನದ್ದs ಅಲ್ಲೇನ್ರಿ?”

ಆ ಚಳಿಗಾಲ ಹೂ ಬಿಟ್ಟಿತು. ಪೇಟೆಯ ಅರ್ಧ ಜನ ಮೆಟ್ಟಿಲು ಹತ್ತಿ ಬಂದು ನೋಡಿದರು. ಅಕ್ಕ ಫೋಟೋ ಕಳಿಸಿದಳು. ನಾನು ಕೈಮುಗಿಯುವ ಚಿತ್ರ ತಿರುಗಿ ಕಳಿಸಿ ಮೊಬೈಲ್ ಮುಚ್ಚಿಟ್ಟೆ.

ಮುಂದಿನ ಮಳೆಗಾಲಕ್ಕೆ ಮೊದಲು ಗಿಡವನ್ನು ಎರಡು ಮಾಡಿ ಒಂದು ಭಾಗ ನನಗೆ ಕೊಟ್ಟಳು. ಈ ಗಿಡ ಕುಂಡದಲ್ಲಿ ಅಡ್ಡಡ್ಡ ನಡೆಯುತ್ತ ಹೋಗುತ್ತದೆ. ಹಿಂದೆ ಹಳೆಯ, ಎಲೆ ಉದುರಿದ ದಪ್ಪ ಕಾಂಡಗಳು, ಮುಂದೆ ಹೊಸ ಮೊಳಕೆ. ನಾನು ಕಬ್ಬಿನ ಬೀಜ ಆರಿಸುವ ಮನೆಯಲ್ಲಿ ಹುಟ್ಟಿದವಳು. ಕಣ್ಣು ಚುರುಕಾಗಿರುವ ತುಂಡು ಯಾವುದು, ಬುಡದ ಮುದಿ ತುಂಡು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಪಾಲಿಗೆ ಬಂದಿದ್ದು ಮುದಿ ತುಂಡು. ಊರಿಂದ ಕಬ್ಬಿನ ಹೊಲದ ಕರಿಮಣ್ಣು ತರಿಸಿ, ಸೆಗಣಿ ಗೊಬ್ಬರ ಕಲಸಿ ಅದರಲ್ಲಿ ನೆಟ್ಟೆ. ಕಬ್ಬು ಬರುವ ಮಣ್ಣಿನಲ್ಲಿ ಬರದ್ದು ಏನಿದೆ ಎಂಬ ಸೊಕ್ಕು. ಅಕ್ಕ ಬಂದವಳು ನೋಡಿ, ಬಾಯಿಗೆ ಕೈಯಿಟ್ಟು, ಚಹಾ ಕೂಡ ಕುಡಿಯದೆ ಅದನ್ನು ಕಿತ್ತು ನಲ್ಲಿಯ ಕೆಳಗೆ ಬೇರು ತೊಳೆದಳು.

“ಇದು ಮಣ್ಣಿಂದಲ್ಲs, ಮರದ ಮ್ಯಾಲಿಂದು. ನೀರಕಿಂತ ಗಾಳಿ ಬೇಡತೈತಿ. ಮತ್ತ ನಿಮ್ಮ ಮನ್ಯಾಗ ರಾತ್ರಿನs ಆಗೂದಿಲ್ಲಲ್ಲ. ಮಗ್ಗದ ದೀಪದಾಗ ಇದು ಹೆಂಗ ಮಲಗತೈತಿ?”

ಗಿಡದ ಮಾತು ಆಡಿದ್ದಳು. ನನಗೆ ನನ್ನ ಮನೆಯನ್ನೇ ಹಳಿದಂತಾಯಿತು. “ನನ್ನ ಎಲಿ ನಿನ್ನ ಎಲಿಗಿಂತ ಹಸರ ಅದಾವು” ಅಂದೆ.

“ಅದs ತಪ್ಪು. ಎಲಿ ಸ್ವಲ್ಪ ಹಳದಿಗೆ ತಿರುಗಿರಬೇಕು. ಭಾಳ ಸುಖದಾಗಿದ್ದದ್ದು ಹೂ ಬಿಡೂದಿಲ್ಲ.”

ನನ್ನ ಕೈಯ ಬಂಗಾರದ ಬಿಲ್ವಾರಗಳ ಕಡೆ ನೋಡಿ ಅಂದಳೋ, ಹಾಗೇ ಅಂದಳೋ. ಆ ಮಾತನ್ನು ನಾನು ಬಹಳ ದಿನ ಅಗಿದೆ.

ಆಮೇಲೆ ಅಕ್ಕ ಗಲ್ಲಿಯವರ ಜೊತೆ ಉತ್ತರದ ಕಡೆ ತೀರ್ಥಯಾತ್ರೆಗೆ ಹೊರಟಳು. ದೀಪಾವಳಿ ಕಳೆದಿತ್ತು. ಗಿಡ ನೋಡಿಕೊಳ್ಳಲು ನನ್ನನ್ನು ಕರೆಸಿದಳು. ಹೊಸ ಎಲೆಯ ಬುಡದಲ್ಲಿ ಕತ್ತಿಯ ಒರೆಯಂಥ ಒಂದು ಪೊರೆ ಎದ್ದಿತ್ತು. ಒಣಗಿ ಕಂದು ಬಣ್ಣಕ್ಕೆ ಬಂದಿತ್ತು. ಅಕ್ಕ ನನ್ನ ತಲೆ ಹಿಡಿದು ಬಗ್ಗಿಸಿ ತೋರಿಸಿದಳು.

“ಒಣಗೈತಿ ಅಂತ ಕಿತ್ತಗಿತ್ತಿ, ನೋಡ ಮತ್ತ. ಇದರೊಳಗ ಮೊಗ್ಗ ಮಲಗಿರತೈತಿ. ಬೆಳಕಿಗೆ ಹಿಡದ ನೋಡಿದ್ರ ಕಾಣತೈತಿ. ನೀ ಬಾಜೂಕ ಇರು ಅಷ್ಟ. ಮುಟ್ಟಬ್ಯಾಡ.”

ರೈಲಿನಿಂದ ದಿನಾ ಬೆಳಿಗ್ಗೆ ಫೋನು. ‘ಕುಂಡ ಎತ್ತಿ ನೋಡಿದೇನು? ಬಟ್ಟಿ ಹೊದಿಸಿದೇನು?’ ಎಲ್ಲ ಕೇಳಿ ಮುಗಿದ ಮೇಲೆ, ಇಡುವ ಮುಂಚೆ, ‘ನಿನ್ನ ಮೊಣಕಾಲ ಹೆಂಗೈತಿ?’ ಆ ವಾರ ಮೊಣಕಾಲು ನೋವಿನಿಂದ ನನಗೆ ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು. ಅಂಗಡಿಗೆ ಬಂದವರೆಲ್ಲ ನನ್ನನ್ನು ದಾಟಿ ಮೇಲೆ ನೋಡುವರು. “ಕಾಯ್ ತಾಯಿ, ಫೂಲ್ ಆಲಂ ಕಾ?” ಹೂ ಬಂತೇ, ಹೂ ಬಂತೇ. ಈ ಸಲ ಅಕ್ಕ ಅದನ್ನು ಕೊಲ್ಹಾಪುರದ ಪ್ರದರ್ಶನಕ್ಕೆ ಒಯ್ಯುತ್ತಾಳಂತೆ. ನಾನು ಕೈಹಿಡಿದು ಎಳೆದುತಂದು ತೋರಿಸಿದ ಜಾಗಕ್ಕೇ.

ಒಂದು ಬೆಳಿಗ್ಗೆ ಪೊರೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಳಗೆ ಮೊಗ್ಗುಗಳ ನೆರಳು ಸ್ಪಷ್ಟವಾಗಿ ಕಂಡಿತು. ಕೆಳಗೆ ಹೋಗಿ ಅಂಗಡಿಯ ಕತ್ತರಿ ತಂದೆ. ಮೊಣಕಾಲು ಹಿಡಿದುಕೊಂಡು ಇಳಿದೆ, ಹಿಡಿದುಕೊಂಡು ಹತ್ತಿದೆ. ಅಷ್ಟು ಹೊತ್ತಿನಲ್ಲಿ ಬೇಡ ಅನ್ನಿಸಬಹುದಾಗಿತ್ತು. ಅನ್ನಿಸಲಿಲ್ಲ. ಬುಡಕ್ಕೆ ಕತ್ತರಿಸಿದೆ.

ಅಕ್ಕ ಬಂದ ದಿನ ಚೀಲ ಇಳಿಸುವ ಮುಂಚೆ ತಾರಸಿ ಹತ್ತಿದಳು. ನಾನು ಹಿಂದೆಯೇ ಹೋದೆ. ಕತ್ತರಿಸಿದ ಜಾಗದ ಮೇಲೆ ಬೆರಳಿಟ್ಟು ನಿಂತಳು.

“ಒಣಗಿತ್ತಲ್ಲ ಅಕ್ಕಾ, ಕಸ ಅಂತ ತಗದೆ. ನೀ ಹೇಳಿದ್ದು ನೆನಪs ಉಳೀಲಿಲ್ಲ ನೋಡು. ನನಗೇನ ತಿಳೀತೈತಿ, ಏಳನೇತ್ತಾ ಕಲತಾಕಿಗೆ.”

ಅವಳು ನನ್ನ ಮುಖ ನೋಡಲಿಲ್ಲ. ಬೆರಳು ತೆಗೆದು, “ತಿಳೀಲಾರದ ಆತು, ಬಿಡು” ಅಂದಳು. ಕಾಕಿ ಕೇಳಿದ್ದಕ್ಕೆ, “ಈ ವರ್ಷ ಗಿಡ ದಣದೈತ್ರಿ, ಹೂ ಬಿಡೂದಿಲ್ಲ” ಎಂದಳು. ನನ್ನ ಹೆಸರು ಬರಲಿಲ್ಲ. ಸಂಜೆಯ ಮುಂಚೆ ನನಗೆ ಹೋಳಿಗೆ ಮಾಡಿ ಬಡಿಸಿದಳು, ಮೊಣಕಾಲಿಗೆ ಎಣ್ಣೆ ಕಾಯಿಸಿ ಹಚ್ಚಿದಳು. ಅವಳು ಬೈದಿದ್ದರೆ ನನಗೂ ತಿರುಗಿ ಬೈಯಬಹುದಿತ್ತು. ಆ ಒಳ್ಳೆಯತನ ಕಂಡು ನನಗೆ ಇನ್ನಷ್ಟು ಉರಿಯಿತು. ಅದರಲ್ಲೂ ಅವಳೇ ಮುಂದೆ.

ಭಾದ್ರಪದದ ಪರ್ವ ಮುಗಿದ ಮೇಲೆ ನಮ್ಮ ಜೈನರಲ್ಲಿ ಕ್ಷಮಾವಾಣಿ ಎಂಬ ದಿನ ಬರುತ್ತದೆ. ಆ ದಿನ ಎಲ್ಲರೂ ಎಲ್ಲರಿಗೂ ಕೈಮುಗಿದು, ‘ತಿಳದೋ ತಿಳೀಲಾರದನೋ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ’ ಅನ್ನಬೇಕು. ದೊಡ್ಡವರು ಸಣ್ಣವರಿಗೆ, ಮಾಲಕರು ಆಳಿಗೆ, ಅತ್ತೆ ಸೊಸೆಗೆ. ಬಹಳ ಚೆಂದದ ಮಾತು ಅದು, ಬಹಳ ಅಗಲವಾದ ಕಂಬಳಿಯೂ ಹೌದು. ಅದರ ಕೆಳಗೆ ಏನು ಬೇಕಾದರೂ ಮುಚ್ಚಿಡಬಹುದು. ಮರುವರ್ಷ ಆ ದಿನ ನಾನು ಅಕ್ಕನ ಕಾಲು ಹಿಡಿದು ಆ ಮಾತು ಹೇಳಿದೆ. ‘ತಿಳೀಲಾರದ’ ಎಂಬಲ್ಲಿ ಸ್ವಲ್ಪ ಒತ್ತಿಯೇ ಹೇಳಿದೆ. ಅಕ್ಕ ನನ್ನನ್ನು ಎಬ್ಬಿಸಿ, ಅದೇ ಮಾತನ್ನು ನನಗೂ ಹೇಳಿದಳು.

ಅದಾಗಿ ಸ್ವಲ್ಪ ದಿನಕ್ಕೆ ದೀಕ್ಷೆಯ ಸುದ್ದಿ ಬಂತು. ಎಲ್ಲರೂ ಅತ್ತರು. ನಾನೂ ಅತ್ತೆ. ಆದರೆ ಅಳುವಿನ ಒಳಗೆ ಏನಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ. ಇನ್ನು ಊರೇ ಇವಳ ಕಾಲಿಗೆ ಬೀಳುತ್ತದೆ, ನಾನೂ ಬೀಳಬೇಕು ಅನ್ನಿಸಿತ್ತು. ಎಲ್ಲವನ್ನೂ ಬಿಡುವವಳ ಮೇಲೆ ಏನಿದೆಯೆಂದು ಹೊಟ್ಟೆಕಿಚ್ಚು ಪಡಬೇಕು? ನಾನು ಬಿಡುವುದನ್ನೇ ನೋಡಿ ಪಟ್ಟೆ. ಅವಳಿಗೆ ಮದರಂಗಿ ಹಚ್ಚಿ, ಮದುಮಗಳ ಸೀರೆ ಉಡಿಸಿ, ತೆರೆದ ಜೀಪಿನಲ್ಲಿ ಪೇಟೆಯ ತುಂಬ ಮೆರವಣಿಗೆ ಮಾಡಿದರು. ಆ ಸೀರೆಗೂ ಅವಳೇ ಫಾಲ್ ಹಚ್ಚಿಕೊಂಡಿದ್ದಳು, ನೆನೆಸಿ, ಒಣಗಿಸಿ. ಒಂದು ದಿನ ಉಟ್ಟು ಬಿಡುವ ಸೀರೆಗೆ ಯಾಕೆ ಎಂದರೆ, “ಮುಂದ ಉಡಾಕಿಗೆ ಕುಗ್ಗಬಾರದಲ್ಲ” ಅಂದಳು. ಆ ಸೀರೆ ಈಗ ಕಾಕಿಯ ಸೊಸೆಯ ಹತ್ತಿರ ಇದೆ, ಕುಗ್ಗಿಲ್ಲ.

ದೀಕ್ಷೆಗೆ ಮುಂಚೆ ಸಂಸಾರದವರೆಲ್ಲರ ಹತ್ತಿರ ಕ್ಷಮೆ ಕೇಳಿ ಹೋಗಬೇಕು. ಅಕ್ಕ ಹಿಂದಿನ ದಿನ ಮಧ್ಯಾಹ್ನ ಅಡಿಗೆಮನೆಗೆ ಬಂದಳು. ನಾನೊಬ್ಬಳೇ ಅಕ್ಕಿ ಆರಿಸುತ್ತಿದ್ದೆ. ಆ ಅಗಲವಾದ ಮಾತು ಬರುತ್ತದೆಂದು ನಾನೂ ಕೈಮುಗಿದು ಸಿದ್ಧಳಾದೆ. ಅವಳು ಮೊರದ ಎದುರಿಗೆ ಕೂತು, ಬೇರೆಯೇ ಮಾತಾಡಿದಳು.

“ತಂಗಿ, ಆ ಹೂ ಮೊದಲ ನೋಡಿದಾಕಿ ನೀ. ನೀ ಫೋನ್ ಹಚ್ಚಿದಾಗ ತಡೀಬೇಕಾಗಿತ್ತು ನಾನು, ತಡೀಲಿಲ್ಲ. ಗಿಡಾ ಎರಡ ಮಾಡಿದಾಗ ನಿನಗ ಹಿಂದಿನ ಮುದಿ ತುಂಡ ಕೊಟ್ಟೆ, ಮುಂದಿಂದು ನಾ ಇಟಗೊಂಡೆ. ಗೊತ್ತಿದ್ದs ಕೊಟ್ಟೆ. ನಿನಗ ಗಂಡ, ಮಕ್ಕಳು, ಮನಿ ತುಂಬ ಸದ್ದ ಐತಿ, ನನಗ ಇದೊಂದರ ಇರಲಿ ಅನಸ್ತು. ಹೊಟ್ಟಿಕಿಚ್ಚs ಅದು. ಕ್ಷಮಾ ಮಾಡು.”

ಅವಳಿಗೂ ಹೊಟ್ಟೆಕಿಚ್ಚು. ನನ್ನ ಮೇಲೆ! ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಒಂದು ಸಂತೋಷ ನನ್ನ ಎದೆಯಲ್ಲಿ ಎದ್ದಿತು. ಆಗ ಹೇಳಬೇಕಿತ್ತು. ಅವಳು ಬಾಗಿಲು ತೆರೆದು ನಿಂತಿದ್ದಳು. ನಾನು ಒಳಗೆ ಕಾಲಿಡುವ ಬದಲು ಹೊಸ್ತಿಲಲ್ಲೇ ನಮಸ್ಕಾರ ಮಾಡಿದೆ.

“ನಂದೂ ತಿಳದೋ ತಿಳೀಲಾರದನೋ ಏನರ ತಪ್ಪಾಗಿದ್ರ...”

ಅಕ್ಕ ಸ್ವಲ್ಪ ಹೊತ್ತು ಕಾದಳು. ಅವಳು ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಾನು ಅಕ್ಕಿಯಲ್ಲಿ ಕಲ್ಲು ಹುಡುಕಿದೆ. ಅವಳು ಎದ್ದು ಹೋದಳು. ಮರುದಿನ ಸಾವಿರ ಜನರ ಎದುರು ತಲೆಗೂದಲನ್ನು ಕೈಯಿಂದಲೇ ಕೀಳುವಾಗ ಅವಳ ಕಣ್ಣು ಒಮ್ಮೆಯೂ ತುಂಬಲಿಲ್ಲ. ಕಿತ್ತ ಕೂದಲು ಬೀಳದಂತೆ ಬಟ್ಟೆ ಹಿಡಿದು ಕೂತವಳು ನಾನು. ತಂಗಿಯ ಹಕ್ಕು ಅದು, ಕೊನೆಯದು.

ಅವಳ ಕುಂಡ ಈಗ ನನ್ನ ತಾರಸಿಯಲ್ಲಿದೆ. ಹೊತ್ತು ಮುಳುಗುವ ಮುಂಚೆ ಕಪ್ಪು ಬಟ್ಟೆ ಹೊದಿಸುತ್ತೇನೆ. ಮಗ್ಗದ ದೀಪ ತಾಕದಂತೆ ಸುತ್ತಲೂ ಹಳೆಯ ಚಾದರ ಕಟ್ಟಿದ್ದೇನೆ. ನನ್ನ ಗಂಡ ಅದನ್ನು ಇನ್ನೂ ‘ಕೆಟ್ಲಿ ಗಿಡ’ ಅನ್ನುತ್ತಾರೆ. “ಇಷ್ಟ ಸೇವಾ ನಂದ ಮಾಡಿದ್ರ ನಾನೂ ಹೂ ಬಿಡತಿದ್ದೆ” ಅನ್ನುತ್ತಾರೆ. ಈ ಮಳೆಗಾಲದ ಕೊನೆಗೆ ಎಲೆ ಸ್ವಲ್ಪ ಹಳದಿಗೆ ತಿರುಗಿತು. ಹೊಸ ಎಲೆಯ ಬುಡದಲ್ಲಿ ಪೊರೆ ಎದ್ದಿತು.

ಈ ವರ್ಷ ಮಾತಾಜಿಯ ಚಾತುರ್ಮಾಸ ದಾನೋಳಿಯ ಕಡೆಯ ಒಂದು ಊರಿನ ಬಸದಿಯಲ್ಲಿ. ಕ್ಷಮಾವಾಣಿಯ ದಿನ ಹೋದೆ. ಹೆಂಗಸರ ಸಾಲು ಉದ್ದವಿತ್ತು. ಒಬ್ಬೊಬ್ಬರೂ ಬಗ್ಗಿ ಅದೇ ಮಾತು ಹೇಳುವುದು, ಅವಳು ಪಿಂಛಿ ಎತ್ತಿ ಆಶೀರ್ವದಿಸುವುದು. ಬಹಳ ಸೊರಗಿದ್ದಳು. ಕೈ ಮಾತ್ರ ಹಾಗೇ ಇತ್ತು. ಪಿಂಛಿಯ ಗರಿಯೊಂದನ್ನು ಎರಡು ಬೆರಳಿನ ನಡುವೆ ತಿಕ್ಕುತ್ತ ಕೂತಿದ್ದಳು.

ನನ್ನ ಸರದಿ ಬಂತು. ಹಿಂದಿನವಳು ಬೆನ್ನಿಗೆ ಒತ್ತುತ್ತಿದ್ದಳು. ನಾನು ಕೂತೆ. ಅಗಲವಾದ ಮಾತು ಬಾಯಿಗೆ ಬಂದೇ ಬಂತು, ನುಂಗಿದೆ.

“ಮಾತಾಜಿ, ಆ ಪೊರಿ ಕಸ ಅಂತ ತಗೀಲಿಲ್ಲ. ಬಿಸಲಿಗೆ ಹಿಡದ ನೋಡಿದ್ದೆ. ಒಳಗ ಮೊಗ್ಗ ಕಂಡಿದ್ದವು. ನೀವು ಹೇಳಿದ್ದು ನೆನಪಿತ್ತು. ಕಂಡs ಕತ್ತರಿಸಿದೆ. ತಿಳೀಲಾರದ ಅಲ್ಲರಿ. ತಿಳದ ಮಾಡೇನಿ.”

ಅವಳ ಬೆರಳು ಗರಿಯ ಮೇಲೆ ನಿಂತಿತು. ಕಣ್ಣು ಮುಚ್ಚಿದಳು. ಮಂತ್ರ ಹೇಳುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ನನಗೆ ಮಾತ್ರ ಕೇಳುವಂತೆ, ಪ್ರವಚನದ ದನಿಯಲ್ಲಲ್ಲ, ಫಾಲ್-ಪಿಕೋ ಅಂಗಡಿಯ ದನಿಯಲ್ಲಿ ಕೇಳಿದಳು:

“ಎಷ್ಟ ಇದ್ದವs?”

“ಎರಡು ಅಕ್ಕಾ.”

ಅಕ್ಕಾ ಎಂದು ಬಾಯಿಗೆ ಬಂದುಹೋಯಿತು. ಅವಳು ತಿದ್ದಲಿಲ್ಲ. ಪಿಂಛಿ ಎತ್ತಿ ನನ್ನ ತಲೆಯ ಮೇಲೆ ಆಡಿಸಿದಳು. ಹಿಂದಿನವಳು ಮುಂದೆ ಬಂದಳು.

ಮರುದಿನ ಮಾತಾಜಿ ಆಹಾರಕ್ಕೆ ಏಳಲಿಲ್ಲವೆಂದು ಆ ಊರಿನ ಒಬ್ಬ ಹೆಂಗಸು ಫೋನಿನಲ್ಲಿ ಹೇಳಿದರು. “ಮೋಹದ ಮಾತೊಂದ ಆಡಿದೆ ಅಂತ ಉಪವಾಸ ತಗೊಂಡಾರಂತ್ರಿ. ಯಾರ ಜೋಡಿ ಏನ ಮಾತೋ, ಯಾರಿಗೂ ಗೊತ್ತಿಲ್ಲ.” ದಿನಕ್ಕೆ ಒಂದೇ ಊಟ ಅವಳದು, ಅದೂ ತಪ್ಪಿತು. ತಪ್ಪು ನನ್ನದು, ಉಪವಾಸ ಅವಳದು. ದುಃಖವಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು, ಫೋನ್ ಇಟ್ಟ ಗಳಿಗೆಯಲ್ಲಿ, ಒಂದು ಮಾತಿನಷ್ಟು ಹೊತ್ತು ಅವಳು ನನ್ನ ಅಕ್ಕನಾಗಿದ್ದಳು ಎಂದು ಹಿಗ್ಗಾಯಿತು. ಆ ಹಿಗ್ಗಿಗೆ ಯಾರ ಹತ್ತಿರ ಕ್ಷಮೆ ಕೇಳಬೇಕೋ ಗೊತ್ತಿಲ್ಲ.

ತಾರಸಿಯ ಮೇಲಿನ ಪೊರೆ ಈಗ ಒಣಗಿ ಕಂದಾಗಿದೆ. ಬಿಸಿಲು ಚೆನ್ನಾಗಿ ಬೀಳುತ್ತದೆ, ಹಿಡಿದು ನೋಡಿದರೆ ಒಳಗಿದ್ದದ್ದು ಕಾಣಬಹುದು. ನಾನು ನೋಡಿಲ್ಲ. ಬೆಳಿಗ್ಗೆ ಬಟ್ಟೆ ಸರಿಸಿ, ಕುಂಡ ಎತ್ತಿ ತೂಕ ನೋಡಿ, ಬಾಜೂಕ್ಕೆ ಕೂತಿರುತ್ತೇನೆ, ಅಷ್ಟೆ. ಮುಟ್ಟುವುದಿಲ್ಲ.